ಮೂರು ನಿಮಿಷದ ಕತ್ತಲು

ಗೆಳೆಯರೇ, ಇವತ್ತು ಮಧ್ಯಾಹ್ನ ಚಿನ್ನದ ಗಣಿಯಿದ್ದ ಚಾಂಪಿಯನ್ ರೀಫ್ಸ್‌ನ ಹಳೇ ಹಾಲ್‌ನಲ್ಲಿ ನನ್ನ ನಾಟಕದ ರಿಹರ್ಸಲ್ ಮತ್ತೆ ಜಗಳದಲ್ಲೇ ಶುರುವಾಯಿತು. ಅದರಲ್ಲೊಂದು ದೃಶ್ಯವಿದೆ: ಮೂರು ನಿಮಿಷ ಪೂರ್ತಿ ಕತ್ತಲು. ಮಾತಿಲ್ಲ, ಆರು ನಟರೂ ಅಲ್ಲಾಡುವಂತಿಲ್ಲ.

"ಸಾರ್, ಕರೆಂಟ್ ಓಯ್ತು ಅಂತ ಜನ ಎದ್ದೋಗ್ತಾರೆ. ಇದರ ಅರ್ಥ ಏನು ಅಂತ ನಮಗಾದ್ರೂ ಏಳಿ," ಎಂದಳು ಆ ಆರು ಜನರಲ್ಲೊಬ್ಬಳು, ಕ್ಯಾಸಂಬಳ್ಳಿಯ ಮಂಜುಳಾ.

ನನಗೆ ಗೊತ್ತಿದ್ದರೆ ತಾನೆ? "ಮೊದಲು ಮಾಡಿ," ಎಂದು ಗದರಿಸಿ, ಕಿಟಕಿಗಳಿಗೆ ಗೋಣಿತಾಟು ಕಟ್ಟಿಸಿ ಲೈಟ್ ಆರಿಸಿದೆ. ಹಾಲ್ ನೋಡಿಕೊಳ್ಳುವ ಮಾರಿಮುತ್ತು ತಾತ ಬಾಗಿಲ ಬಳಿ ನಿಂತಿದ್ದರು. ಗಣಿಯೊಳಗೆ ಮೂವತ್ತು ವರ್ಷ ದುಡಿದವರು.

ಕತ್ತಲು ಕಾಲಿನಿಂದ ಮೇಲಕ್ಕೆ ನೀರಿನಂತೆ ಏರಿತು. ಇಡೀ ಹಾಲ್ ಮೆಲ್ಲಗೆ ನೆಲದೊಳಗೆ ಇಳಿಯುತ್ತಿದೆ ಅನ್ನಿಸಿತು.

ಲೈಟ್ ಹಾಕಿದಾಗ ತಾತ ನೆಲದ ಮೇಲೆ ಕುಳಿತಿದ್ದರು.

"ಏನಾಯ್ತು ತಾತ?"

"ಏನಿಲ್ಲಪ್ಪ. ಗಣಿ ಒಳಗೆ ಲೈಟ್ ಆರೋದ್ರೆ ಇದ್ದಲ್ಲೇ ಕೂತ್ಕೋಬೇಕು. ಪಕ್ಕದವನ ಉಸ್ರು ಕೇಳ್ಕೊಂಡಿರಬೇಕು." ಮಂಜುಳಾಳ ಕಡೆ ತಿರುಗಿದರು. "ನಿಂದು ಕೇಳ್ಲಿಲ್ಲ ಕಣಮ್ಮ. ಉಸ್ರು ಬಿಡು, ಪಕ್ಕದವ್ರು ಎದರ್ಕೊತಾರೆ."

ಅವಳು ಉಸಿರು ಬಿಗಿಹಿಡಿದಿದ್ದಳಂತೆ. ಎರಡನೇ ಸಲ ಲೈಟ್ ಆರಿದಾಗ, ನಾನು ಹೇಳದೆಯೇ ಎಲ್ಲರೂ ಕುಳಿತರು. ಆರು ಉಸಿರು ಕೇಳಿದವು, ಬಾಗಿಲ ಬಳಿ ಏಳನೆಯದು.

ಹೊರಡುವಾಗ, "ನಾಟಕ ಅರ್ಥವಾಯಿತಾ ತಾತ?" ಎಂದೆ.

"ಕತ್ತಲೆ ಅರ್ಥ ಆಯ್ತು. ಲೈಟ್ ಬಂದ್ಮೇಲೆ ಏನೇನೋ ಮಾತಾಡ್ತೀರಲ್ಲ, ಅದೇ ಒಂದೂ ತಿಳೀಲಿಲ್ಲ."

ಲೈಟ್ ಬಂದ ಮೇಲಿನ ಆ ಮಾತುಗಳನ್ನು ಬರೆಯಲು ನನಗೆ ಎರಡು ವರ್ಷ ಹಿಡಿದಿತ್ತು.