ಬೆನ್ನ ಹಿಂದಿನ ಕುರ್ಚಿ

ಜಿನದತ್ತ ಸರ್ ಎದುರಿಗೆ ಕುಳಿತು ಯಾರ ಕಷ್ಟವನ್ನೂ ಕೇಳುತ್ತಿರಲಿಲ್ಲ. ಯಾರಾದರೂ ಮನಸ್ಸಿನಲ್ಲಿದ್ದದ್ದನ್ನು ಹೇಳಲು ಬಾಯಿ ತೆರೆದರೆ ಸಾಕು, ಅವರು ಎದ್ದು, ತಾವು ಕುಳಿತಿದ್ದ ಕುರ್ಚಿಯನ್ನು ಎತ್ತಿಕೊಂಡು ಹೋಗಿ, ಹೇಳುವವರ ಬೆನ್ನ ಹಿಂದೆ ಇಟ್ಟು ಕುಳಿತುಬಿಡುತ್ತಿದ್ದರು. ಆಮೇಲೆ ಹಿಂದಿನಿಂದ ಧ್ವನಿ ಬರುತ್ತಿತ್ತು: "ಹಾಂ, ಈಗ ಹೇಳು. ಗ್ವಾಡಿ ನೋಡಿ ಹೇಳು. ಮಾರಿ ನೋಡಿದ್ರ ಮಂದಿ ಸುಳ್ಳ ಹೇಳ್ತಾರ."

ಚಿಕ್ಕೋಡಿಯ ಕಾಲೇಜಿನಲ್ಲಿ ಅವರು ನಮಗೆ ಮನಃಶಾಸ್ತ್ರ ಕಲಿಸುತ್ತಿದ್ದರು. ಆ ಅಭ್ಯಾಸ ಕಾಲೇಜಿಗಷ್ಟೇ ಸೀಮಿತವಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೂ ಹಾಗೇ. ಒಮ್ಮೆ ರಾಯಬಾಗ ಕಡೆಯ ಪಾಲಕನೊಬ್ಬ ಮಗ ಫೇಲಾದದ್ದಕ್ಕೆ ಜಗಳವಾಡಲೆಂದೇ ಬಂದಿದ್ದ. ಸರ್ ಕುರ್ಚಿಯನ್ನು ಹಿಂದಕ್ಕೆ ಒಯ್ದು ಕುಳಿತರು. ಆ ಮನುಷ್ಯ ಅವರ ಮುಖಕ್ಕಾಗಿ ತಿರುತಿರುಗಿ ನೋಡಿ ಸುಸ್ತಾಗಿ, "ಸರ್, ಮುಂದ ಬರ್ರಿ. ಬೈಯಾಕ ಮಾರಿನ ಸಿಗವಲ್ತು!" ಅಂದ. ಇದು ನಾನು ಕಣ್ಣಾರೆ ಕಂಡದ್ದು ಎಂದೇ ಇಷ್ಟು ದಿನ ಹೇಳುತ್ತಾ ಬಂದಿದ್ದೇನೆ. ಆದರೆ ಆ ದಿನ ನಾನು ಅಲ್ಲಿರಲಿಲ್ಲ, ಆಮೇಲೆ ತಾನೇ ನನಗೆ ಹೇಳಿದ್ದು ಎಂದು ಸಹಪಾಠಿ ಅಪ್ಪಾಸಾಬ ವಾದಿಸುತ್ತಾನೆ. ಇರಬಹುದು. ಸರ್ ಬಗ್ಗೆ ನಾನು ಬರೆಯುವುದನ್ನೆಲ್ಲ ಓದುಗರು ಇಷ್ಟು ಅನುಮಾನದೊಂದಿಗೇ ಓದಬೇಕು.

ಕುರ್ಚಿಯ ಈ ರೂಢಿ ಅವರಿಗೆ ಹತ್ತಿದ್ದು ಮದುವೆಗೂ ಮುಂಚೆ ನೋಡಿದ ಒಂದು ಸಿನಿಮಾದಿಂದ. ನೂರು ವರ್ಷಕ್ಕೂ ಹಿಂದೆ, ವಿಯೆನ್ನಾ ನಗರದಲ್ಲಿ ಮನೋವಿಶ್ಲೇಷಣೆ ಹುಟ್ಟಿದ ಕಾಲದ ಕಥೆ ಅದು. ಗಡ್ಡದ ಡಾಕ್ಟರರೊಬ್ಬರು ರೋಗಿಯನ್ನು ಮೆತ್ತನೆಯ ಮಂಚದ ಮೇಲೆ ಮಲಗಿಸಿ, ತಾವು ಅವಳ ತಲೆಯ ಹಿಂದೆ ಕುಳಿತು, ಅವಳು ಹೇಳಿದ್ದನ್ನೆಲ್ಲ ಕೇಳುತ್ತಾರೆ. ಆಮೇಲೆ ಪುಣೆಯಿಂದ ತಂದ ಅದರ ಡಿಸ್ಕನ್ನು ಸರ್ ವರ್ಷಕ್ಕೊಮ್ಮೆ ಕೊನೆಯ ವರ್ಷದ ಬಿ.ಎ. ಹುಡುಗರಿಗೆ ತೋರಿಸುತ್ತಿದ್ದರು. ಸಭಾಂಗಣದ ಕಿಟಕಿಗಳಿಗೆ ಹಾಸ್ಟೆಲ್ಲಿನ ಕಂಬಳಿಗಳನ್ನು ಕಟ್ಟಿ ಕತ್ತಲೆ ಮಾಡುವುದು ನಮ್ಮ ಕೆಲಸ.

ಸಿನಿಮಾ ಶುರುವಾದ ಕೂಡಲೇ ಸರ್ ಅದರ ಧ್ವನಿ ಬಂದ್ ಮಾಡುತ್ತಿದ್ದರು. "ಅವರ ಇಂಗ್ಲಿಷ್ ಅವರಿಗೇ ತಿಳಿಯೂದಿಲ್ಲ, ನಿಮಗೇನ ತಿಳೀತೈತಿ?" ಅನ್ನುವರು. ಪರದೆಯ ಪಕ್ಕ ನಿಂತು ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುವರು. ವಿಯೆನ್ನಾದ ಡಾಕ್ಟರು ಶುದ್ಧ ಚಿಕ್ಕೋಡಿಯವರು: "ಬಾರವಾ ತಂಗಿ. ಮಕ್ಕೊ. ಯಾವಾಗಿಂದ ಹಿಂಗ ಆಗಾಕತ್ತೈತಿ? ಊಟಾ ನಿದ್ದಿ ಹೆಂಗದಾವ?" ಡಾಕ್ಟರಿಗೆ ಎದುರು ವಾದಿಸುವ ತರುಣ ಶಿಷ್ಯ ಪಕ್ಕದ ದೇಶದವನಾದ್ದರಿಂದ ಅವನಿಗೆ ನಿಪ್ಪಾಣಿ ಕಡೆಯ ಮರಾಠಿ. ನಿಮ್ಮದೆಲ್ಲ ಖರೆ, ಆದರೆ ನನಗೆ ಒಪ್ಪಿಗೆಯಿಲ್ಲ ಎನ್ನಲು ಅವನು "ತುಮಚಂ ಸಗಳಂ ಖರಂ, ಪಣ ಮಲಾ ಪಟತ ನಾಹೀ" ಎನ್ನುತ್ತಿದ್ದ. ಗುರು ಶಿಷ್ಯರ ಜಗಳ ತಾರಕಕ್ಕೇರಿದಾಗ ಹಿಂದಿನ ಬೆಂಚಿನಿಂದ ಯಾರೋ, "ಸರ್, ಗಡಿವಾದ ಶುರುವಾತ್ರಿ!" ಎಂದು ಕೂಗಿ, ಇಡೀ ಸಭಾಂಗಣ ಸೀಟಿ ಹೊಡೆದದ್ದು ನೆನಪಿದೆ. ಇದಕ್ಕೆ ಅಪ್ಪಾಸಾಬನ ತಕರಾರಿಲ್ಲ, ಕೂಗಿದವನು ಅವನೇ.

ಸಿನಿಮಾ ಪೂರ್ತಿ ನೋಡಿದ ಬ್ಯಾಚು ಒಂದೂ ಇಲ್ಲ. ಸರ್ ಜೈನರು, ಹೊತ್ತು ಮುಳುಗುವುದರೊಳಗೆ ಅವರ ಊಟ ಆಗಬೇಕು. ಕಂಬಳಿಯ ಸಂದಿಯಿಂದ ಬೀಳುವ ಬಿಸಿಲು ಕೆಂಪಾಗುತ್ತಲೇ ಅವರು ಡಿಸ್ಕ್ ನಿಲ್ಲಿಸಿ, "ಮುಂದ ಇಬ್ರೂ ಜಗಳಾ ಮಾಡಿ ಬ್ಯಾರೆ ಆಕ್ಕಾರ, ಅಷ್ಟ. ನಡೀರಿ ಮನಿಗೆ" ಅನ್ನುತ್ತಿದ್ದರು.

ಈಗ ಅವರ ಮನೆಯ ಮಾತು ಹೇಳಬೇಕು. ನಾವು ಸರ್ ಹೆಂಡತಿಯನ್ನು ಸುಮತಿ ಕಾಕು ಎನ್ನುತ್ತಿದ್ದೆವು. ಕಡಿಮೆ ಮಾತಿನವರು, ಆದರೆ ನಕ್ಕರೆ ಓಣಿಗೆಲ್ಲ ಕೇಳಿಸುತ್ತಿತ್ತು. ಸರ್‌ಗೆ ಕನಸಿನ ಪಾಠವೆಂದರೆ ಪ್ರಾಣ, ಕಾಕುಗೋ ದಿನಾ ಕನಸು. ಮುಂಜಾನೆ ರೊಟ್ಟಿ ಬಡಿಯುತ್ತ ಅವರು ತಮ್ಮ ಕನಸು ಹೇಳುವುದು, ಸರ್ ಒಲೆಯ ಹತ್ತಿರ ಅವರ ಹಿಂದೆ ಕುಳಿತು ಕೇಳುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿಯಂತೆ.

ನಾವು ಎರಡನೇ ವರ್ಷದಲ್ಲಿದ್ದಾಗ ಸರ್ ಕನಸಿನ ಪಾಠಕ್ಕೆ ಒಂದು ಉದಾಹರಣೆ ಕೊಟ್ಟರು. "ಒಬ್ಬ ಗೃಹಿಣಿ. ಹೆಸರು ಬೇಡ. ಹೆಸರು ಹೇಳಬಾರದು, ಅದು ನಮ್ಮ ಶಾಸ್ತ್ರದ ನಿಯಮ" ಎಂದು ಶುರು ಮಾಡಿದರು. ಆ ಗೃಹಿಣಿ ಕನಸಿನಲ್ಲಿ ಹಸಿರು ಮೊಪೆಡ್ ಹೊಡೆಯುತ್ತಿದ್ದಾಳೆ. ಹಿಂದಿನ ಸೀಟಿನಲ್ಲಿ ಗಂಡ ಕಾಯಿಪಲ್ಲೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾನೆ. ಕೃಷ್ಣಾ ಹೊಳೆಯ ಸೇತುವೆ ಬಂದಾಗ ಅವಳು ಗಾಡಿ ನಿಲ್ಲಿಸಿ ಗಂಡನನ್ನು ಇಳಿಸುತ್ತಾಳೆ, ತಿರುಗಿ ನೋಡದೆ ಹೋಗಿಬಿಡುತ್ತಾಳೆ. ಸರ್ ಇದನ್ನು ಹೇಳಿ ಬೋರ್ಡಿನ ಮೇಲೆ ಇಚ್ಛೆ, ದಮನ, ಸಂಕೇತ ಎಂದು ಬರೆಯತೊಡಗಿದರು. ತರಗತಿಯಲ್ಲಿ ಮೊದಲು ಪಿಸುಮಾತು, ಆಮೇಲೆ ನಗೆ. ಇಡೀ ಕಾಲೇಜಿನಲ್ಲಿ ಹಸಿರು ಮೊಪೆಡ್ ಇದ್ದದ್ದು ಒಂದೇ. ಅದು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿತ್ತು. ನಿಯಮ ಪಾಲಿಸಿದ ತೃಪ್ತಿಯಲ್ಲಿ ಸರ್‌ಗೆ ನಗೆಯ ಕಾರಣ ಹೊಳೆಯಲೇ ಇಲ್ಲ.

ನಮ್ಮ ತರಗತಿಯ ಒಬ್ಬ ಹುಡುಗಿಯ ತಾಯಿ ಕಾಕು ಹೋಗುವ ಬಸದಿಗೇ ಹೋಗುತ್ತಿದ್ದರು. ಆ ವಾರ ಬಸದಿಯ ಮೆಟ್ಟಿಲ ಮೇಲೆ ಹೆಂಗಸರು ಕಾಕುವನ್ನು ಸುತ್ತುವರಿದು, "ಏನ್ರಿ ಸುಮತಿಬಾಯಿ, ಗಾಡಿ ಹೊಡ್ಯಾಕ ಕಲ್ತೀರಂತ? ನಮ್ಮನ್ನೂ ಒಂದ ಸರ್ತಿ ಹೊಳಿ ದಾಟಿಸ್ರಿ!" ಎಂದು ನಕ್ಕರಂತೆ. ಕಾಕು ಮನೆಗೆ ಬಂದು ಗಂಡನಿಗೆ ಹೇಳಿದ್ದು ಒಂದೇ ಮಾತು: "ಇನ್ನ ಮ್ಯಾಲೆ ನನಗ ಕನಸ ಬೀಳೂದಿಲ್ರಿ."

ಇದನ್ನು ನನಗೆ ಹೇಳಿದವರು ಸ್ವತಃ ಸರ್. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಒಮ್ಮೆ ರಜೆಗೆ ಬಂದು ಅವರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಮಾತಾಡುತ್ತ ಅವರ ಧ್ವನಿ ಸಣ್ಣದಾಯಿತು. ನಾನು ಯೋಚಿಸದೆ ಎದ್ದು, ನನ್ನ ಕುರ್ಚಿಯನ್ನು ಒಯ್ದು ಅವರ ಬೆನ್ನ ಹಿಂದೆ ಹಾಕಿ ಕುಳಿತೆ. ಅವರು ಗೋಡೆ ನೋಡುತ್ತಲೇ ಹೇಳಿದರು: "ಜಗಳಾ ಇಲ್ಲಪಾ. ಊಟಾ ಹಾಕ್ತಾಳ, ಕಾಯಿಪಲ್ಲೆ ತರ್ರಿ ಅಂತಾಳ, ನಕ್ಕೋಂತ ಇರ್ತಾಳ. ಆದ್ರ ತನ್ನ ಒಳಗಿಂದು ಒಂದ ಮಾತ ನನ್ನ ಮುಂದ ತಗೀವಲ್ಲಳು. ಊರ ಮಂದಿ ಎಲ್ಲಾ ಬಂದ ನನ್ನ ಮುಂದ ಹೇಳ್ತಾರ. ಆಕಿ ಒಬ್ಬಾಕಿ ಹೇಳೂದಿಲ್ಲ."

"ತಪ್ಪಾಯ್ತು ಅಂತ ಹೇಳಿದ್ರಾ ಸರ್?"

"ಕ್ಷಮಾವಾಣಿಗೆ ಹೇಳ್ದೆ."

ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಾಣಿಯ ದಿನ ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆಲ್ಲ ಕೈಮುಗಿದು "ಉತ್ತಮ ಕ್ಷಮಾ" ಎನ್ನುವುದು. ಸರ್ ಆ ದಿನವನ್ನೇ ಕಾದಿದ್ದು, ಓಣಿಯವರಿಗೆಲ್ಲ ಹೇಳಿ ಕೊನೆಗೆ ಹೆಂಡತಿಯ ಮುಂದೆ ನಿಂತರಂತೆ. ಕಾಕು ಅಷ್ಟೇ ಮರ್ಯಾದೆಯಿಂದ ಕೈಮುಗಿದು, "ಕಿರಾಣಿ ಅಂಗಡ್ಯಾಂವಗ ಅಂದದ್ದನ್ನ ನನಗೂ ಅಂದ್ರಿ. ಆತ್ರಿ, ಉತ್ತಮ ಕ್ಷಮಾ" ಎಂದು ಒಳಗೆ ಹೋದರಂತೆ. ಆಮೇಲೂ ಕನಸು ಬೀಳಲಿಲ್ಲ.

ಸಿನಿಮಾದಲ್ಲಿ ಒಂದು ದೃಶ್ಯವಿದೆ. ತುಂಬಿದ ಸಭೆಯಲ್ಲಿ ಡಾಕ್ಟರು ಆ ರೋಗಿ ಹುಡುಗಿಯ ಹೆಸರು ಹೇಳದೆ ಅವಳ ಕನಸನ್ನು ವಿವರಿಸುತ್ತಾರೆ. ಅದು ಅವಳ ಕಿವಿಗೆ ಬೀಳುತ್ತದೆ. ಅವಳು ಬಂದು, ಮಂಚದ ಮೇಲೆ ಮಲಗದೆ, ಡಾಕ್ಟರರ ಎದುರು ನಿಂತು ಕೈಗವಸು ಹಾಕಿಕೊಳ್ಳುತ್ತಾಳೆ. ಆಗ ಪರದೆಯ ಪಕ್ಕ ನಿಂತ ಸರ್ ಡಾಕ್ಟರರ ಬಾಯಲ್ಲಿ ಆಡಿಸುತ್ತಿದ್ದ ಮಾತು ನನಗೆ ಅಕ್ಷರಶಃ ನೆನಪಿದೆ ಎಂದುಕೊಂಡಿದ್ದೆ: "ತಪ್ಪಾತವಾ. ಅದು ನಿನ್ನ ಮಾತಾಗಿತ್ತು. ನಾ ಮಂದಿ ಮುಂದ ಚೆಲ್ಲಿಬಿಟ್ಟೆ."

ವರ್ಷಗಳ ನಂತರ ಆ ಸಿನಿಮಾವನ್ನು ಧ್ವನಿಯೊಂದಿಗೆ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಡಾಕ್ಟರು ಆ ದೃಶ್ಯದಲ್ಲಿ ಏನೂ ಹೇಳುವುದಿಲ್ಲ. ಚುಟ್ಟಾ ಹಚ್ಚುತ್ತಾರೆ, ಕಿಟಕಿ ತೆರೆಯುತ್ತಾರೆ. ಹುಡುಗಿ ಹೋಗುತ್ತಾಳೆ. ಹಿಂದಕ್ಕೆ ಓಡಿಸಿ ಮತ್ತೆ ಮತ್ತೆ ನೋಡಿದೆ. ಆ ಮಾತು ಸರ್ ಹೇಳಿದ್ದೋ, ಅವರ ಮನೆಯ ಕಥೆ ಗೊತ್ತಾದ ಮೇಲೆ ನಾನೇ ಕಟ್ಟಿಕೊಂಡದ್ದೋ? ದಿಗ್ಗೇವಾಡಿಯಲ್ಲಿ ಕಬ್ಬು ಬೆಳೆದುಕೊಂಡಿರುವ ಅಪ್ಪಾಸಾಬನಿಗೆ ಫೋನ್ ಮಾಡಿದೆ. "ಹೇಳ್ತಿದ್ರಲೇ. ನಮ್ಮ ತಂಗಿ ಬ್ಯಾಚಿಗೂ ಹೇಳ್ಯಾರ. ನಿನಗ ಖರೆ ಅನಸಾಕ ಏನ ಸಹೀ ಬೇಕೇನು?" ಎಂದು ಬೈದ.

ಸರ್ ನಿವೃತ್ತರಾಗುವ ವರ್ಷ ಕೊನೆಯ ಪ್ರದರ್ಶನಕ್ಕೆ ಹಳೆಯ ವಿದ್ಯಾರ್ಥಿಗಳನ್ನೂ ಕರೆದಿದ್ದರು. ನಾನು ಹೋದೆ. ಕಂಬಳಿ ಕಟ್ಟಿ ಆಗಿತ್ತು, ಸಿನಿಮಾ ಶುರುವಾಗಿತ್ತು. ಆಗ ಬಾಗಿಲು ತೆರೆದು ಸುಮತಿ ಕಾಕು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಅಲ್ಲಿಯವರೆಗೆ ಒಮ್ಮೆಯೂ ಅವರು ಅದನ್ನು ನೋಡಲು ಬಂದಿರಲಿಲ್ಲ. ಸರ್ ಧ್ವನಿ ಒಂದು ಕ್ಷಣ ತಡವರಿಸಿ ಮತ್ತೆ ದಾರಿಗೆ ಬಂತು.

ಆ ದೃಶ್ಯ ಬಂತು. ಹುಡುಗಿ ಕೈಗವಸು ಹಾಕಿಕೊಳ್ಳತೊಡಗಿದಳು. ಸರ್ ಸುಮ್ಮನಾದರು. ಧ್ವನಿಯಿಲ್ಲದ ಪರದೆಯಲ್ಲಿ ಡಾಕ್ಟರು ಚುಟ್ಟಾ ಹಚ್ಚಿದರು.

"ಹೇಳ್ರಿ ಮುಂದ. ಡಾಕ್ಟರ ಏನಂದಾ?" ಎಂದರು ಕಾಕು.

"ಏನೂ... ಏನೂ ಅನ್ನೂದಿಲ್ಲ" ಎಂದರು ಸರ್.

"ಪ್ರತಿ ವರ್ಷಾ ಏನೋ ಅಂತಿದ್ದನಂತಲ್ಲ? ಊರೆಲ್ಲಾ ಕೇಳೇತಿ. ನಾ ಬಂದಾಗನ ಅವಂಗ ಬಾಯಿ ಬಿದ್ದೈತೇನು?"

ಹುಡುಗರು ನಕ್ಕರು. ಸರ್ ಪರದೆ ಬಿಟ್ಟು ನಮ್ಮತ್ತ ತಿರುಗಿದರು. "ತಪ್ಪಾತು. ಅದು ನಿನ್ನ ಮಾತಾಗಿತ್ತು. ನಾ ಇದ ಕಾಲೇಜಿನ್ಯಾಗ, ಹುಡುಗ್ರ ಮುಂದ ಚೆಲ್ಲಿಬಿಟ್ಟೆ" ಎಂದರು. ಡಾಕ್ಟರು ರೋಗಿಗೆ ಅನ್ನುತ್ತಿದ್ದ "ತಪ್ಪಾತವಾ"ದ "ಅವಾ" ಈ ಸಲ ಇರಲಿಲ್ಲ. ಕಾಕು ಸೆರಗು ಸರಿಮಾಡಿಕೊಂಡು, "ಆತು, ಮುಂದಿನ ಸಿನಿಮಾ ನಡಸ್ರಿ. ಹೊತ್ತ ಮುಣಗಾಕ ಬಂತು" ಎಂದರು.

ಸರ್ ಅನ್ನು ಕೊನೆಯ ಸಲ ಕಂಡದ್ದು ಅವರ ಮನೆಯ ಕಟ್ಟೆಯ ಮೇಲೆ. ಸೊರಗಿದ್ದರು, ಆದರೆ ನಾಲಿಗೆ ಚುರುಕಾಗಿಯೇ ಇತ್ತು. ಡಾಕ್ಟರರ ಆ ಮಾತು ಸಿನಿಮಾದಲ್ಲಿ ಇಲ್ಲವೇ ಇಲ್ಲ ಎಂದು ನಾನು ವಾದಿಸಿದೆ. "ನೀ ನೋಡಿದ್ದು ಕಟ್ ಮಾಡಿದ ಕಾಪಿ ಇರಬೇಕು. ನನ್ನ ಡಿಸ್ಕ್‌ನ್ಯಾಗ ಐತಿ" ಎಂದರು, ಒಂದಿಷ್ಟೂ ನಗದೆ. ಆಮೇಲೆ ನಾನು ಕೇಳಿದೆ: "ಈಗಾದರೂ ಕಾಕುಗೆ ಕನಸು ಬೀಳ್ತಾವಾ ಸರ್?"

ಅವರು ತಮ್ಮ ಕುರ್ಚಿಯನ್ನು ಸರಕ್ಕನೆ ನನ್ನ ಎದುರಿಗೆ ತಿರುಗಿಸಿಕೊಂಡರು. "ಇಲ್ಲಪಾ" ಎಂದರು. "ಆಕಿಗೆ ಕನಸ ಬೀಳೂದಿಲ್ಲ."

ನನಗೆ ಬೇಸರವಾಯಿತು. ಇಷ್ಟಾದರೂ ಕಾಕು ಕರಗಲಿಲ್ಲವಲ್ಲ ಎಂದುಕೊಂಡೇ ಬಸ್ಸು ಹತ್ತಿದೆ.

ಸರ್ ತೀರಿಕೊಂಡ ಮೇಲೆ ಹೋದಾಗ ಕಾಕು ಮಗಳ ಮನೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದರು. ನನ್ನ ಕೈಗೂ ಒಂದು ಬೊಗಸೆ ಹಾಕಿದರು. ಸುಲಿಯುತ್ತ ನಾನು ಆ ಕೊನೆಯ ಪ್ರದರ್ಶನದ ಮಾತು ತೆಗೆದೆ. ನೀವು ಹಿಂದಿನ ಬೆಂಚಿನಿಂದ ಕೇಳಿದಿರಲ್ಲ ಎಂದೆ.

"ಹಿಂದ ಎಲ್ಲಿ ಕುಂತಿದ್ದೆ ತಮ್ಮಾ? ಮುಂದಿನ ಬೆಂಚಿನ್ಯಾಗ ಕುಂತಿದ್ದೆ. ಕೇಳಿದ್ದು ಖರೆ." ಅವರು ಸಿಪ್ಪೆ ಜಾಡಿಸಿದರು. "ಮರುದಿನ ಮುಂಜಾನೆ ರೊಟ್ಟಿ ಬಡಿಯೂ ಮುಂದ ನಾನ ಅಂದೆ, ರಾತ್ರಿ ಒಂದ ಕನಸ ಬಿತ್ರಿ ಅಂತ. ಕುರ್ಚಿ ಎತ್ಕೊಂಡ ಹಿಂದ ಹೊಂಟ್ರು. ಹಿಂದ ಬ್ಯಾಡ, ಇಲ್ಲೇ ನನ್ನ ಮಾರಿ ಮುಂದ ಕುಂಡ್ರರಿ ಅಂದೆ. ಕುಂತ್ರು. ಆವತ್ತಿನಿಂದ ಅವ್ರು ಹೋಗೂ ತನಕಾ ದಿನಾ ಹೇಳೇನಿ."

"ಏನು ಕನಸು ಕಾಕು?"

"ಅದನ್ನ ನಿನಗ್ಯಾಕ ಹೇಳ್ಲಿ?" ಎಂದು ಓಣಿಗೆಲ್ಲ ಕೇಳುವಂತೆ ನಕ್ಕರು. ಆಮೇಲೆ ಕೈ ನಿಲ್ಲಿಸಿ ಕೇಳಿದರು: "ಅವ್ರು ನನ್ನ ಕನಸ ನಿನಗೇನರ ಹೇಳಿದ್ರೇನು?"

ಕಟ್ಟೆಯ ಮೇಲೆ ಸರ್ ಕುರ್ಚಿ ತಿರುಗಿಸಿಕೊಂಡು, ನನ್ನ ಮುಖವನ್ನೇ ನೋಡುತ್ತ ಹೇಳಿದ ಆ ಮಾತು ಕಿವಿಯಲ್ಲಿತ್ತು. ಈ ಒಂದು ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ.

"ಇಲ್ಲ ಕಾಕು" ಎಂದೆ. "ನಿಮಗೆ ಕನಸೇ ಬೀಳೋದಿಲ್ಲ ಅಂದಿದ್ರು."