ಮಾಸ್ತರರ ಒಪ್ಪಿಗೆಗೆ ಕಾದ ಸಂಚಿಕೆ

ಮೈದಾ ಗೋಂದಿನ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ಬರುವುದು ಸಿಟ್ಟು. ನೆನಪು ಬರುವುದು ಆಮೇಲೆ. ಮೊನ್ನೆ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಯಾರೋ ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದರು. ಬಕೆಟ್ಟಿನಿಂದ ಆ ಬೆಚ್ಚಗಿನ ಹುಳಿ ವಾಸನೆ ಬಂದದ್ದೇ ತಡ, ವಸಂತ ಮಾಸ್ತರರ ಜಗುಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಪತ್ರಿಕೆಗೆ ವಿಳಾಸದ ಚೀಟಿ ಅಂಟಿಸುತ್ತಿದ್ದ ಲಂಗದ ಹುಡುಗಿಯಾಗಿಬಿಟ್ಟೆ. ಮಾಸ್ತರರು ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದರು. ಮನೆಯಿಂದ ಒಂದು ಮಾಸಪತ್ರಿಕೆ ತರುತ್ತಿದ್ದರು. ಮಾಸಪತ್ರಿಕೆ ಎನ್ನುವುದು ಅವರ ಮಾತು. ಅದು ತಿಂಗಳಿಗೆ ಸರಿಯಾಗಿ ಬಂದದ್ದನ್ನು ಕಂಡವರು ಭಟ್ಕಳದಿಂದ ಕುಮಟೆಯವರೆಗೆ ಯಾರಾದರೂ ಇದ್ದರೆ ದಯವಿಟ್ಟು ನನಗೂ ತೋರಿಸಿ.

ಹೊನ್ನಾವರದಲ್ಲಿ ನಮ್ಮ ಮನೆ ಓಣಿಯ ಈಚೆ, ಅವರದು ಆಚೆ. ಈಗ ಎರಡೂ ಇಲ್ಲ, ಹೆದ್ದಾರಿ ಅಗಲವಾಯಿತು. ಆಗ ಶಾಲೆ ಬಿಟ್ಟರೆ ನಾನು ಚೀಲ ಎಸೆದು ಓಡುತ್ತಿದ್ದುದು ಆ ಜಗುಲಿಗೇ. ಒಳಗಿನಿಂದ ಬಂಗಡೆ ಸಾರಿನ ಘಮ, ಹೊರಗೆ ಹೊಸ ಕಾಗದದ ಘಮ, ನಡುವೆ ಭಟ್ಕಳ, ಕುಮಟೆಯ ಬಸ್ಸು ಹಿಡಿದು ಬಂದ ವಿದ್ಯಾರ್ಥಿಗಳ ಗಲಾಟೆ. ಅವರಿಗೆಲ್ಲ ಊಟ ಹಾಕುತ್ತಿದ್ದವರು ಮಾಸ್ತರರ ಹೆಂಡತಿ ಶಾರದಕ್ಕ. "ಬರೆಯೋರಿಗೆ ಹಸಿವೆ ಜಾಸ್ತಿ ಕಾಣ್ತದೆ" ಎಂದು ಗೊಣಗುತ್ತಲೇ ಇನ್ನೊಂದು ಸೌಟು ಬಡಿಸುತ್ತಿದ್ದರು. ಅಕ್ಕಿ ಮುಗಿಯಿತೆಂದು ಅವರು ಮುಖ ಸಣ್ಣ ಮಾಡಿದ್ದನ್ನು ನಾನು ಎಂದೂ ನೋಡಿಲ್ಲ. ಆ ಮನೆ ಹೇಗೆ ನಡೆಯುತ್ತದೆ ಎಂದು ಮಾಸ್ತರರು ಕೇಳಿದ್ದನ್ನೂ ನೋಡಿಲ್ಲ.

ಪತ್ರಿಕೆ ತಡವಾಗುತ್ತಿದ್ದುದಕ್ಕೆ ಕಾರಣ ಮಾಸ್ತರರ ಒಂದು ಹಟ. ಯಾರ ಬಗ್ಗೆ ಬರೆದದ್ದೋ ಅವರೆದುರು ಕೂತು ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಅಚ್ಚಿಗೆ. ಹೊಗಳಿಕೆಯಾದರೂ ಅಷ್ಟೆ, ತೆಗಳಿಕೆಯಾದರೂ ಅಷ್ಟೆ. ಫೋನಿನಲ್ಲಿ ಓದುತ್ತೇವೆ ಎಂದರೆ, "ಫೋನಲ್ಲಿ ಮುಖ ಕಾಣ್ತದಾ? ಕೇಳೋರ ಮುಖ ನೋಡ್ಬೇಕು" ಎನ್ನುತ್ತಿದ್ದರು. ಭಟ್ಕಳದ ಹುಡುಗನೊಬ್ಬ ಮಳೆಗಾಲ ಮುಗಿದು ತೆಂಗಿನಗುಂಡಿ ಬಂದರಿನಲ್ಲಿ ದೋಣಿ ಇಳಿಸಿದ ಬಗ್ಗೆ ಚೆಂದದ ವರದಿ ತಂದ. ದೋಣಿಯವರಿಗೆ ಓದಿ ಹೇಳಲು ಹೋದರೆ ಅವರು ಕಡಲಲ್ಲಿ. ಮತ್ತೆ ಹೋದರೆ ಮತ್ತೆ ಕಡಲಲ್ಲಿ. ಕೊನೆಗೆ ಆ ಸುದ್ದಿ ಓದುಗರ ಕೈ ಸೇರಿದಾಗ ದೀಪಾವಳಿ ದಾಟಿತ್ತು. ಕುಮಟೆಯ ಪ್ರೆಸ್ಸಿನವರು ಫೋನಿನಲ್ಲಿ ಕೂಗಾಡುತ್ತಿದ್ದರೆ ಮಾಸ್ತರರು ರಿಸೀವರನ್ನು ಕಿವಿಯಿಂದ ದೂರ ಹಿಡಿದು ಪ್ರೂಫ್ ತಿದ್ದುತ್ತಿದ್ದರು.

ನಾನು ಮೊದಲ ಸಲ ಬರೆದದ್ದು ಗೇರುಸೊಪ್ಪೆ ಬಸ್ಸಿನ ಡ್ರೈವರ್ ಗಣಪಣ್ಣನ ಬಗ್ಗೆ. ನಿಲ್ದಾಣವಲ್ಲದ ಕಡೆಯೂ ಮುದುಕಿಯರಿಗಾಗಿ ಬಸ್ಸು ನಿಲ್ಲಿಸುತ್ತಿದ್ದ ಮನುಷ್ಯ. "ಅವನಿಗೆ ಓದಿ ಹೇಳಿದ್ಯಾ ತಂಗಿ?" "ಇಲ್ಲ ಮಾಸ್ತರೆ." "ಮತ್ತೆ ನಂಗೆ ಎಂತಕ್ಕೆ ತಂದೆ?" ಹೊನ್ನಾವರದ ಸ್ಟ್ಯಾಂಡಿನಲ್ಲಿ, ಹೊರಡಬೇಕಾದ ಬಸ್ಸಿನ ಬಾಗಿಲಲ್ಲಿ ನಿಂತು ಓದಿದೆ. ಗಣಪಣ್ಣ ಇಂಜಿನ್ ಬಂದ್ ಮಾಡಿದ. ಒಳಗಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಮುಗಿದ ಮೇಲೆ ಅವನು ಕನ್ನಡಿ ನೋಡಿ ತಲೆ ಬಾಚಿಕೊಂಡು, "ಫೋಟೋನೂ ಬತ್ತದಾ?" ಎಂದು ಕೇಳಿದ. ಅಂದು ಓಡಿಕೊಂಡೇ ಮನೆಗೆ ಬಂದೆ. ಮಾಸ್ತರರ ಹಟದಲ್ಲಿ ಇಂಥ ಸುಖವೂ ಇತ್ತು, ಇಲ್ಲವೆನ್ನುವುದಿಲ್ಲ.

ಮುಂದೆ ನಾನೂ ಪತ್ರಿಕೆಯ ಕೆಲಸಕ್ಕೇ ಸೇರಿದೆ. ಮಾಸ್ತರರು ನಿವೃತ್ತರಾದರು, ಅವರ ಪತ್ರಿಕೆ ನಿಂತಿತು, ಅವರು ಹಾಸಿಗೆ ಹಿಡಿದರು. ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವರ ಬಗ್ಗೆಯೇ ಒಂದು ಸಂಚಿಕೆ ತರೋಣ, ಅವರ ಕೈಗೇ ಕೊಡೋಣ ಎಂದು ಹೊರಟೆವು. ಅವರಿಗೆ ತಿಳಿಯದಂತೆ ಮಾಡಬೇಕಿತ್ತು, ಯಾರೋ ಬಾಯಿಬಿಟ್ಟರು. "ನನ್ನ ಬಗ್ಗೆ ಅಲ್ವಾ? ಹಾಗಾದ್ರೆ ನಂಗೆ ಓದಿ ಹೇಳ್ರಿ" ಎಂದು ದಿಂಬಿಗೆ ಒರಗಿ ಕೂತೇಬಿಟ್ಟರು. ಮುಗಿಯಿತು ಕಥೆ. ಒಬ್ಬೊಬ್ಬರೂ ಬಂದು ಮಂಚದ ಪಕ್ಕ ಕೂತು ಓದುವುದು, ಅವರು ಕಣ್ಣು ಮುಚ್ಚಿ ಕೇಳಿ, "ಮಹಾನ್ ಚೇತನ ಅಂತೆಲ್ಲ ಯಾರಿಗೆ ಬರ್ದಿ? ಹೊಡ್ದು ಹಾಕು ಅದನ್ನ" ಎನ್ನುವುದು. ಉಸಿರಾಡಲು ಕಷ್ಟಪಡುತ್ತಿದ್ದ ಮನುಷ್ಯ ನಮ್ಮ ವಿಶೇಷಣಗಳ ಮೇಲೆ ಉಸಿರು ಖರ್ಚು ಮಾಡುವುದನ್ನು ನೋಡಿ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಕೊನೆಗೆ ಉಳಿದದ್ದು ನನ್ನ ಬರಹ, ಆ ಜಗುಲಿಯ, ಗಣಪಣ್ಣನ ಬಸ್ಸಿನ ನೆನಪು. ಎಲ್ಲ ಕೇಳಿದರು. ಒಂದು ಪದವನ್ನೂ ಹೊಡೆದುಹಾಕಲು ಹೇಳಲಿಲ್ಲ. ನಾನು ಹಾಳೆ ಮಡಚತೊಡಗಿದೆ. ಆಗ ಕಣ್ಣು ತೆರೆದು, "ಶಾರದೆ ಹೆಸ್ರು ಬಂತಲ್ಲ, ಅವಳಿಗೆ ಓದಿದ್ಯಾ?" ಎಂದರು. ಅಡುಗೆಮನೆಯಿಂದ ಶಾರದಕ್ಕನನ್ನು ಕರೆದು ಓದಿದೆ. ಅವರು ಹೂಂ ಎಂದು ಒಳಗೆ ಹೋದರು. "ಗಣಪಣ್ಣನಿಗೆ?" ಗಣಪಣ್ಣನೂ ನಿವೃತ್ತನಾಗಿ ಗೇರುಸೊಪ್ಪೆಯ ಮಗಳ ಮನೆಯಲ್ಲಿದ್ದ. ಕುಮಟೆಯ ಪ್ರೆಸ್ಸಿನಲ್ಲಿ ಉಳಿದ ಪುಟಗಳೆಲ್ಲ ಸಿದ್ಧವಾಗಿದ್ದವು. ಅಂದೇ ನನ್ನ ಬರಹ ಕೊಟ್ಟರೆ ಮರುದಿನ ಪತ್ರಿಕೆ ಅವರ ಕೈಯಲ್ಲಿ. ಹಾಗೆಂದು ಬೇಡಿಕೊಂಡೆ. "ಹೋಗಿ ಬಾ. ಎಷ್ಟು ದೂರ ಅದು" ಎಂದರು. ಆತು ಎಂದು ಹೊರಟೆ.

ಗಣಪಣ್ಣ ಕೇಳಿ, ಅತ್ತು, ಒಪ್ಪಿ, ಕಾಫಿ ಕುಡಿಸಿ ಕಳಿಸಿದ. ವಾಪಸು ಬರುವ ಬಸ್ಸು ಶರಾವತಿಯ ದಂಡೆಗುಂಟ ಸಾಗುತ್ತಿದ್ದಾಗ ಫೋನು ಬಂತು. ಮಾಸ್ತರರು ಹೋಗಿದ್ದರು.

ಹನ್ನೆರಡನೆಯ ದಿನದ ಕಾರ್ಯ ಮುಗಿದ ಮೇಲೆ ಅಚ್ಚಾದ ಸಂಚಿಕೆ ತೆಗೆದುಕೊಂಡು ಶಾರದಕ್ಕನ ಬಳಿ ಹೋದೆ. ಅವರು ಅದನ್ನು ತಿರುಗಿಸಿ ನೋಡಿ ಮಡಿಲಲ್ಲಿ ಇಟ್ಟುಕೊಂಡರು. ನನ್ನ ಮುಖ ನೋಡಿ, ಬೈಯುವ ದನಿಯಲ್ಲೇ ಹೇಳಿದರು: "ಗೇರುಸೊಪ್ಪೆಗೆ ಹೋಗು ಅಂದ್ರೆ ಆತು ಅನ್ನೋದು, ಸೀದಾ ಕುಮಟೆ ಬಸ್ಸು ಹತ್ತೋದು ಮಾರಾಯ್ತಿ. ನಾ ಜೀವಮಾನ ಎಲ್ಲ ಹಾಗೇ ಮಾಡ್ದೆ. ಇಲ್ಲಾಂದ್ರೆ ಈ ಮನೆ ನಡೀತಿತ್ತಾ? ಇಷ್ಟು ವರ್ಷ ಇಲ್ಲೇ ಉಂಡು ಬೆಳ್ದೆ, ನಿಂಗೆ ಅದೊಂದು ಕಾಣ್ಲಿಲ್ವಾ?"

ನನಗೆ ಮಾಸ್ತರರ ಹತ್ತಿರ ಹೋಗಿ ಗಟ್ಟಿಯಾಗಿ ಜಗಳವಾಡಬೇಕು ಅನ್ನಿಸಿತು. ಎದ್ದು ಒಳಗೆ ಹೋದೆ. ಅವರ ಮಂಚವನ್ನು ಆಗಲೇ ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದರು.