ಭಾವನ ಜೇಬಿನ ಲೈಸೆನ್ಸು

ಎಂಬತ್ತರ ದಶಕದಲ್ಲಿ ನಾನು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಭಾನುವಾರಗಳಂದು ಜುಹೂವಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದೆ. ಪರೀಕ್ಷೆಗಳೆಲ್ಲ ಮುಗಿದರೂ ಪೊಲೀಸ್ ವರದಿ ಬಾರದೆ ಲೈಸೆನ್ಸು ದೆಹಲಿಯಲ್ಲೇ ಕೂತಿತ್ತು. ನಮ್ಮ ಬಿಲ್ಡಿಂಗಿನ ಟೆರೇಸನ್ನು ಆಕಾಶದಿಂದ ತೋರಿಸುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ದೀಪಾವಳಿಗಳು ಬಂದು ಹೋದವು, ಲೈಸೆನ್ಸು ಬರಲಿಲ್ಲ.

ಅಷ್ಟರಲ್ಲಿ ಅಮೆರಿಕದಿಂದ ಅವಳ ಅಣ್ಣ ಬಂದಿಳಿದ. ಅವನೂ ಹವ್ಯಾಸಕ್ಕೆ ವಿಮಾನ ಹಾರಿಸುವವನೇ. ಹುಳಿಯನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಾ ಶುರು ಮಾಡಿದ:

“ಅಲ್ಲಿ ಬೆಳಿಗ್ಗೆ ಎದ್ದು ಮೋಡ ನೋಡ್ತೀನಿ, ವಿಮಾನ ಹೊರಗೆ ಎಳೀತೀನಿ, ಹಾರ್ತೀನಿ. ಯಾರನ್ನೂ ಕೇಳಲ್ಲ. ನಿಮ್ಮಲ್ಲಿ ಸೀನೋಕೂ ಪರ್ಮಿಷನ್ ಬೇಕಲ್ರೀ!”

ಹೆಂಡತಿ ನಕ್ಕಳು. ಅದನ್ನೂ ಸಹಿಸಿಕೊಂಡೆ. ಭಾವ ತಂಗಿಯತ್ತ ತಿರುಗಿದ:

“ಇವರನ್ನ ನಂಬಿ ಕೂತ್ರೆ ನಿನಗೆ ಮೊಮ್ಮಕ್ಕಳಾಗಿಬಿಡ್ತಾರೆ ಕಣೆ. ಈ ಭಾನುವಾರ ನಾನೇ ಕರ್ಕೊಂಡು ಹಾರ್ತೀನಿ. ಲೈಸೆನ್ಸು ಜೇಬಲ್ಲೇ ಇದೆ.”

ಇದನ್ನು ಸಹಿಸಲಿಲ್ಲ. ಪರದೇಶದ ಲೈಸೆನ್ಸಿಗೆ ದೆಹಲಿಯ ಒಪ್ಪಿಗೆ ಬೀಳದೆ ಇಲ್ಲಿನ ವಿಮಾನವನ್ನು ಹಾರಿಸುವಂತಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ “ಆಗಲಿ ಭಾವ,” ಎಂದು ಇನ್ನೊಂದು ಹಪ್ಪಳ ಬಡಿಸಿದೆ.

ಭಾನುವಾರ ಆ ಮೇ ತಿಂಗಳ ಸೆಕೆಯಲ್ಲಿ ಭಾವ ಚರ್ಮದ ಜಾಕೀಟು ತೊಟ್ಟು ನಮ್ಮಿಬ್ಬರೊಂದಿಗೆ ಹೊರಟ. ಕ್ಲಬ್ಬಿನ ಶಿಕ್ಷಕರು ಅವನ ಲೈಸೆನ್ಸನ್ನು ತಿರುಗಿಸಿ ನೋಡಿ, “ಯೇ ಇಧರ್ ನಹೀಂ ಚಲೇಗಾ, ಸಾಬ್. ಪೆಹಲೇ ದಿಲ್ಲಿ ಕೋ ಲಿಖಿಯೇ,” ಎಂದರು; ಇದು ಇಲ್ಲಿ ನಡೆಯದು, ಮೊದಲು ದೆಹಲಿಗೆ ಬರೆಯಬೇಕಂತೆ. ಭಾವ ಇಂಗ್ಲಿಷಿನಲ್ಲಿ ವಾದಿಸಿದ. ಅವರು ಚಹಾ ಕುಡಿದರು. ಜಾಕೀಟಿನೊಳಗೆ ಅವನು ಬೆಂದುಹೋಗುತ್ತಿದ್ದ. ಇಷ್ಟು ದಿನ ನನ್ನ ಕಾಲು ಕಟ್ಟಿದ್ದ ಕಾನೂನನ್ನು ಆ ಗಳಿಗೆಯಲ್ಲಿ ಮುದ್ದಾಡಬೇಕೆನಿಸಿತು.

ಹತ್ತಿರ ಹೋಗಿ ಹೇಳಿದೆ: “ಭಾವ, ಸೀನಬೇಕಿದ್ರೆ ಸೀನಿ. ಅದಕ್ಕೆ ಪರ್ಮಿಷನ್ ನಾನೇ ಕೊಡ್ತೀನಿ.”

ವಾಪಸು ಲೋಕಲ್ ರೈಲಿನಲ್ಲಿ ಹೆಂಡತಿ ಕೇಳಿದಳು: “ನಿಮಗೆ ಮೊದಲೇ ಗೊತ್ತಿತ್ತು ಅಲ್ವೇನ್ರೀ?”

“ಗೊತ್ತಿತ್ತು.”

ಆಕಾಶಕ್ಕೆಂದು ಉಟ್ಟಿದ್ದ ಹೊಸ ಸೀರೆಯ ಸೆರಗು ಬಿಗಿದುಕೊಂಡು ಅವಳು ದಾದರ್ ಬರುವವರೆಗೂ ಕಿಟಕಿಯತ್ತ ಮುಖ ತಿರುಗಿಸಿ ಕೂತಳು.

ಮುಂದಿನ ವರ್ಷ ಲೈಸೆನ್ಸು ಬಂತು. ಅದೇ ಸೀರೆಯುಟ್ಟು ನನ್ನ ಪಕ್ಕ ಕೂತು, ನಮ್ಮ ಟೆರೇಸಿನ ನೀರಿನ ಟ್ಯಾಂಕನ್ನು ಅವಳೇ ಗುರುತಿಸಿದಳು. ಸೇಡು ಪೂರ್ತಿಯಾಗಲೆಂದು ಅಮೆರಿಕಕ್ಕೆ ಫೋನು ಮಾಡಿ ಹೇಳಿದೆ.

“ಮೇಲಿಂದ ತೆಗೆದ ಫೋಟೋ ಕಳ್ಸಿ, ನಂಬ್ತೀನಿ,” ಎಂದ ಭಾವ.

ಇಲ್ಲಿ ವಿಮಾನದಿಂದ ಫೋಟೋ ತೆಗೆಯಲೂ ಅನುಮತಿ ಬೇಕು. ಅವನು ನಕ್ಕ ರೀತಿಯಲ್ಲೇ ತಿಳಿಯಿತು: ಈ ಸಲ ನಮ್ಮ ಕಾನೂನನ್ನು ಅವನು ಓದಿಕೊಂಡೇ ಕೂತಿದ್ದ.